ಕುಣಿಯದವರ ಪಟ್ಟಿ

ಅಮೆರಿಕದ ನೇಪರ್‌ವಿಲ್ ಸೀಮೆಯ ಕನ್ನಡ ಬಳಗಕ್ಕೆ ವೆಂಕಟರಾಮು ಅಧ್ಯಕ್ಷರಾಗಿ ಹನ್ನೊಂದು ವರ್ಷಗಳಾಗಿದ್ದವು. ಚುನಾವಣೆಗೆ ಅವರೇನೂ ವಿರೋಧಿಯಲ್ಲ. ಪ್ರತಿ ರಾಜ್ಯೋತ್ಸವದ ದಿನ, ಜನರ ಬಾಯಲ್ಲಿ ಬಿಸಿಬೇಳೆಭಾತು ಇರುವ ಹೊತ್ತು ನೋಡಿ ಮೈಕು ಹಿಡಿದು, "ಮುಂದಿನ ವರ್ಷಾನೂ ನಾನೇ ಇರಲಾ? ಆಕ್ಷೇಪಣೆ ಇದ್ರೆ ಹೇಳಿ" ಎಂದು ಕೇಳುತ್ತಿದ್ದರು. ತುಂಬಿದ ಬಾಯಿಂದ ಯಾರು ಏನು ಹೇಳಿಯಾರು? ಮೌನಂ ಸಮ್ಮತಿ ಲಕ್ಷಣಂ ಎಂದು ಅವರೇ ಚಪ್ಪಾಳೆ ಶುರು ಮಾಡುತ್ತಿದ್ದರು. ಈಗ ಅವರಿಗಿದ್ದದ್ದು ಒಂದೇ ಆಸೆ, ಹನ್ನೆರಡನೆಯ ವರ್ಷ. ಆಫೀಸಿನಲ್ಲಿ ಅವರಿಗಿಂತ ಹದಿನೈದು ವರ್ಷ ಚಿಕ್ಕವನೊಬ್ಬ ಅವರ ಮ್ಯಾನೇಜರು, ಮನೆಯಲ್ಲಿ ಹೆಂಡತಿ ಲತಾಶ್ರೀ. 'ಅಧ್ಯಕ್ಷರೇ' ಎಂದು ಕರೆಸಿಕೊಳ್ಳಲು ಭೂಮಿಯ ಮೇಲೆ ಅವರಿಗೆ ಬೇರೆ ಜಾಗವಿರಲಿಲ್ಲ.

ಆ ವರ್ಷ ಅವರು ಹೊಸ ಕಾನೂನು ತಂದರು. ಊಟದ ಕೂಪನ್ ಬೇಕಾದ ಪ್ರತಿ ಮನೆಯೂ ಒಂದು ಮಗುವನ್ನು ಸಮೂಹ ನೃತ್ಯಕ್ಕೆ ಕೊಡಬೇಕು. ಎಂಟು ಶನಿವಾರ, ಎರಡೆರಡು ಗಂಟೆ ಪ್ರಾಕ್ಟೀಸು. ಮಗು ವೇದಿಕೆ ಹತ್ತಿದರೆ ಅಪ್ಪ, ಅಮ್ಮ, ಅಜ್ಜಿ ಫೋನು ಹಿಡಿದು ಬಂದೇ ಬರುತ್ತಾರೆ, ತಮ್ಮ ಭಾಷಣಕ್ಕೆ ಕಿವಿಗಳು ಸಿಗುತ್ತವೆ ಎಂಬುದು ಅವರ ಲೆಕ್ಕ. ಕುಣಿಯಬೇಕಾದವರನ್ನು ಯಾರೂ ಕೇಳಲಿಲ್ಲ. ಮಕ್ಕಳನ್ನು ಕೇಳಿ ಕೆಲಸ ಮಾಡುವ ಪದ್ಧತಿ ನಮ್ಮಲ್ಲಿ ಯಾವತ್ತೂ ಇಲ್ಲ.

ಇದೇ ಹೊತ್ತಿಗೆ ಎಂಟನೇ ಕ್ಲಾಸಿನ ಮಗಳು ಸಿಯಾ ಹಿಸ್ಟರಿ ಪ್ರಾಜೆಕ್ಟ್ ಹಿಡಿದು ಅಪ್ಪನ ಬಳಿ ಬಂದಳು. ಅಮೆರಿಕದ ವಸಾಹತಿನವರು ಬ್ರಿಟಿಷರ ಎದುರು ಹೇಗೆ ಒಗ್ಗಟ್ಟಾದರು ಎಂಬುದು ವಿಷಯ. ಹೋದ ವರ್ಷವಷ್ಟೇ ಸಿಟಿಜನ್‌ಶಿಪ್ ಪರೀಕ್ಷೆಗೆಂದು ಎಲ್ಲವನ್ನೂ ಉರು ಹೊಡೆದಿದ್ದ ವೆಂಕಟರಾಮುಗೆ ಹಬ್ಬವೇ ಆಯಿತು.

"ಬ್ರಿಟಿಷರ ಚಹಾನ ಸಮುದ್ರಕ್ಕೆ ಸುರಿದಿದ್ದು ಆಮೇಲಿನ ಮಾತು ಪುಟ್ಟಿ. ಮೊದಲು ಕಾಗದ. ಊರೂರಿಗೂ ಒಂದೊಂದು ಸಮಿತಿ ಮಾಡ್ಕೊಂಡು ಒಬ್ಬರಿಗೊಬ್ಬರು ಕಾಗದ ಬರೆದ್ರು. ಆಮೇಲೆ ಇಂಗ್ಲೆಂಡಿನ ಸಾಮಾನು ತಗೊಳಲ್ಲ ಅಂತ ಪಟ್ಟಿ ಮಾಡಿ ಎಲ್ಲರೂ ಸಹಿ ಹಾಕಿದ್ರು."

"ವಾಟ್ ಇಫ್ ಸಮ್‌ಬಡಿ ಚೀಟೆಡ್?"

"ಅಂಥವರ ಹೆಸರು ಪೇಪರಲ್ಲಿ ಬರೋದು, ಮಾನ ಹೋಗೋದು. ನೋಡು, ಒಬ್ಬ ಒಲ್ಲೆ ಅಂದ್ರೆ ಅದು ಹಠ. ಎಲ್ಲರೂ ಒಟ್ಟಿಗೆ ಒಲ್ಲೆ ಅಂದ್ರೆ ಚರಿತ್ರೆ. ಬರ್ಕೋ."

ಸಿಯಾ ಬರೆದುಕೊಂಡಳು. ಪ್ರಾಜೆಕ್ಟಿಗೆ 'ಎ' ಬಂತು. ವೆಂಕಟರಾಮು ಅದರ ಫೋಟೋ ತೆಗೆದು ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದರು.

ಮಗಳು ಅಲ್ಲಿಗೇ ನಿಲ್ಲಿಸಲಿಲ್ಲ. ಸುತ್ತಲಿನ ಊರುಗಳಲ್ಲಿದ್ದ ಬಳಗದ ಮಕ್ಕಳಿಗೆ, ಹಾಫ್‌ಮನ್ ಎಸ್ಟೇಟ್ಸ್‌ನ ರಿಷಭ್‌ಗೆ, ಲೆಮಾಂಟಿನ ಇಶಾಗೆ ಮೆಸೇಜ್ ಹೋಯಿತು. ಮೂರೂ ಕಡೆ ಸಮಿತಿಗಳಾದವು. ಅಧ್ಯಕ್ಷರನ್ನು ಓಟು ಹಾಕಿ ಆರಿಸುವವರೆಗೆ ನಾವು ಕುಣಿಯುವುದಿಲ್ಲ, ರಾಜ್ಯೋತ್ಸವಕ್ಕೆ ಕಾಲಿಡುವುದಿಲ್ಲ, ಆ ದಿನ ಪಾರ್ಕಿನಲ್ಲಿ ಸೇರುತ್ತೇವೆ ಎಂದು ಮೂರು ಪ್ಯಾರಾ ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಹೆಸರುಗಳ ಪಟ್ಟಿ ಇಟ್ಟರು. ಅದು ಅಮ್ಮಂದಿರ ಫೋನುಗಳಿಂದ ಗುಂಪಿಗೆ ಬಂತು. ಹನ್ನೊಂದು ವರ್ಷ ಬಾಯಿ ಬಿಡದ ದೊಡ್ಡವರು ಮಕ್ಕಳ ಹೆಗಲ ಮೇಲೆ ಬಂದೂಕಿಡಲು ಖುಷಿಯಾಗಿ ಮುಂದೆ ಬಂದರು. ಮೊದಲಿಗ ಹುಬ್ಬಳ್ಳಿ ಕಡೆಯ ಚೇತನ್. "ಹುಡುಗರು ಖರೇ ಹೇಳ್ಯಾರ. ನಾವರ ಎಷ್ಟ ವರ್ಷ ಸುಮ್ಮನ ಕೂಡಬೇಕ್ರಿ?" ಎಂದು ಬರೆದು ತನ್ನ ಹೆಸರು ಸೇರಿಸಿದ.

ವಾಟ್ಸಾಪ್ ಪಟ್ಟಿಯ ಕ್ರಮ ಗೊತ್ತಲ್ಲ. ಹಿಂದಿನವರು ಹಾಕಿದ್ದನ್ನು ಪೂರ್ತಿ ಕಾಪಿ ಮಾಡಿ, ಕೆಳಗೆ ತಮ್ಮದೊಂದು ಸಾಲು ಸೇರಿಸಿ ಮತ್ತೆ ಹಾಕುವುದು. ವೆಂಕಟರಾಮು ಆಫೀಸಿನ ಮೀಟಿಂಗಿನಲ್ಲಿ ಮೇಜಿನ ಕೆಳಗೆ ಫೋನು ತೆರೆದಾಗ ಪಟ್ಟಿ ಇಪ್ಪತ್ತಾರಕ್ಕೆ ಬಂದಿತ್ತು. ಮೇಲಿನ ಮೂರು ಪ್ಯಾರಾ ಓದಲು ಅವರಿಗೆ ಪುರುಸೊತ್ತಿರಲಿಲ್ಲ. ಪಟ್ಟಿ ಎಂದರೆ ಪಾಟ್‌ಲಕ್, ಅಂದರೆ ಯಾರು ಯಾವ ಅಡುಗೆ ತರುವುದೆಂಬ ಲೆಕ್ಕ, ಎಂಬುದು ಹನ್ನೊಂದು ವರ್ಷದ ಅಭ್ಯಾಸ. ಸಾಲು ಸೇರಿಸಿಬಿಟ್ಟರು: '27. ವೆಂಕಟರಾಮು ಫ್ಯಾಮಿಲಿ – 3 – ಪುಳಿಯೋಗರೆ.'

ಗುಂಪಿನವರೆಲ್ಲ ಆ ಸಾಲನ್ನು ಎರಡೆರಡು ಸಲ ಓದಿದರು. ಆಮೇಲೆ ಕೈಮುಗಿಯುವ ಚಿತ್ರಗಳು ಸಾಲುಸಾಲಾಗಿ ಬಂದವು. ಆಗಲೇ ಪಟ್ಟಿಯಲ್ಲಿದ್ದ ಬಾಲು ತನ್ನ ಹೆಸರಿನ ಮುಂದೆ ಮೊಸರನ್ನ ಎಂದು ಬರೆದ. ಭಾನು ಕೋಸಂಬರಿ ಎಂದಳು. ಪ್ರತಿಭಟನೆ ಸರಿ, ಮಧ್ಯಾಹ್ನ ಊಟಕ್ಕೇನು ಗತಿ ಎಂದು ಹಿಂದೆ ಮುಂದೆ ನೋಡುತ್ತಿದ್ದವರೆಲ್ಲ ಈಗ ನಿಶ್ಚಿಂತರಾಗಿ ಸೇರಿದರು. ಅಧ್ಯಕ್ಷರ ಕೃಪೆಯಿಂದ ಅಧ್ಯಕ್ಷರ ಮೇಲಿನ ಬಹಿಷ್ಕಾರಕ್ಕೆ ಪಾಯಸದವರೆಗೂ ಏರ್ಪಾಡಾಯಿತು.

ಸಂಜೆ ಲತಾಶ್ರೀ ಫೋನು ಮುಂದೆ ಹಿಡಿದರು. "ಏನ್ರೀ, ನಿಮ್ಮ ವಿರುದ್ಧ ನೀವೇ ಸಹಿ ಹಾಕಿದೀರಲ್ಲ. ಪುಳಿಯೋಗರೆ ಬೇರೆ."

ವೆಂಕಟರಾಮು ತಮ್ಮ ಮೆಸೇಜು ಅಳಿಸಿದರು. ಅಳಿಸಿ ಏನು ಬಂತು? ಕೆಳಗಿನ ಹದಿನಾಲ್ಕು ಪಟ್ಟಿಗಳಲ್ಲೂ ಇಪ್ಪತ್ತೇಳನೆಯವರಾಗಿ ಅವರು ಗಟ್ಟಿಯಾಗಿ ಕೂತಿದ್ದರು. ಮಗಳನ್ನು ಕರೆದು, "ಇದನ್ನೆಲ್ಲ ನಿನಗೆ ಹೇಳ್ಕೊಟ್ಟೋರು ಯಾರು?" ಎಂದು ಗದರಿದರು.

"ಯು ಡಿಡ್, ಅಪ್ಪಾ," ಎಂದಳು ಸಿಯಾ. ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅದರಿಂದಲೇ ಅವರಿಗೆ ಹೆಚ್ಚು ನೋವಾಯಿತು.

ಆದರೂ ಸೋಲೊಪ್ಪಲಿಲ್ಲ. ಬಾರದವರಿಗೆ ಮುಂದಿನ ಯುಗಾದಿಗೂ ಕೂಪನ್ ಇಲ್ಲ ಎಂದು ಗುಂಪಿನಲ್ಲಿ ಬೆದರಿಸಿದರು. ರಾಜ್ಯೋತ್ಸವದ ದಿನ ಬೆಳಿಗ್ಗೆ ಲತಾಶ್ರೀ ಡಬ್ಬ ತುಂಬಿಸುತ್ತ, "ಪಟ್ಟೀಲಿ ಹೆಸರು ಕೊಟ್ಟಮೇಲೆ ಮಾತು ತಪ್ಪೋದು ನಮ್ಮ ಮನೆತನಕ್ಕೆ ಸರಿ ಹೋಗಲ್ಲ" ಎಂದು ಮಗಳನ್ನು ಕರೆದುಕೊಂಡು ಪಾರ್ಕಿಗೆ ಡ್ರೈವ್ ಮಾಡಿದರು. ಬಾಡಿಗೆಯ ಸ್ಕೂಲ್ ಹಾಲಿನಲ್ಲಿ ನಾನೂರು ಖಾಲಿ ಕುರ್ಚಿಗಳ ಮುಂದೆ ವೆಂಕಟರಾಮು ಜರಿ ಪೇಟ ಸುತ್ತಿಕೊಂಡು ನಿಂತರು. ಮೈಕಿನವನಾದರೂ ಕೇಳಲಿ ಎಂದು ಸ್ವಾಗತ ಭಾಷಣವನ್ನೂ ಆರಂಭಿಸಿದರು. ಅವನು ಮೆಕ್ಸಿಕೋದವನು, ಪಾಪ, ವಿನಯದಿಂದ ತಲೆಯಾಡಿಸಿದ. ಎರಡನೇ ಪುಟದ ನಡುವೆ ಅವರು ಓದು ನಿಲ್ಲಿಸಿದರು. ಕಾಗದ ಮಡಚಿ, ಪೇಟ ಕೈಯಲ್ಲಿ ಹಿಡಿದು, ಅವರೂ ಪಾರ್ಕಿಗೆ ಹೋದರು.

ಅಲ್ಲಿ ನಲವತ್ತೈದು ಡಿಗ್ರಿ ಫ್ಯಾರನ್‌ಹೀಟಿನ ಚಳಿಯಲ್ಲಿ ರೇಷ್ಮೆ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು ಇಡೀ ಬಳಗ ನೆರೆದಿತ್ತು. "ಸರಿ, ಓಟು ಹಾಕಿ," ಎಂದರು ವೆಂಕಟರಾಮು. ಚೇತನ್ ಬೆಂಚು ಹತ್ತಿದ. ತಾನೂ ನಿಂತಿದ್ದೇನೆ, ಒಪ್ಪುವವರು ಕೈ ಎತ್ತಿ ಎಂದ. ಎಲ್ಲರಿಗಿಂತ ಮೊದಲು ಮಕ್ಕಳ ಕೈಗಳು ಮೇಲೆ ಹೋದವು.

"ಏ ಹುಡುಗರಽ, ಕೈ ಇಳಸ್ರಿ. ಓಟು ದೊಡ್ಡವರಿಗಷ್ಟ," ಎಂದ ಚೇತನ್.

ದೊಡ್ಡವರ ಕೈ ಎಣಿಸಿದರು, ಚೇತನ್ ಗೆದ್ದ. ಮೊದಲ ಪ್ರಕಟಣೆ ಅಲ್ಲೇ ಬೆಂಚಿನ ಮೇಲಿಂದ ಬಂತು. ಈ ಸಲ ತಪ್ಪಿಹೋದ ನೃತ್ಯ ಯುಗಾದಿಗೆ ಆಗಲೇಬೇಕು, ಎರಡು ಗಂಟೆ ಸಾಲದು, ಶನಿವಾರ ಮೂರು ಗಂಟೆ ಪ್ರಾಕ್ಟೀಸು. ದೊಡ್ಡವರು ಚಪ್ಪಾಳೆ ತಟ್ಟಿದರು. ರಿಷಭ್, ಇಶಾ ಅದುವರೆಗೂ ಎತ್ತಿಯೇ ಇಟ್ಟಿದ್ದ ಕೈಗಳನ್ನು ಒಬ್ಬೊಬ್ಬರಾಗಿ ಕೆಳಗಿಳಿಸಿದರು. ಸಿಯಾ ಮಾತ್ರ ಇಳಿಸಲಿಲ್ಲ.

ವೆಂಕಟರಾಮು ಗುಂಪಿನ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದರು. ಕುರ್ಚಿ ಮರಳಿ ಕೇಳಲಲ್ಲ. ಮಗಳ ಪಕ್ಕಕ್ಕೆ ಹೋಗಿ ನಿಂತು, "ಚೇತನ್, ಇದನ್ನೆಲ್ಲ ಮಾಡಿದ್ದೇ ಮಕ್ಕಳು. ಅವರ ಕೈನೂ ಎಣಿಸಬೇಕು," ಎಂದರು ಗಟ್ಟಿಯಾಗಿ.

ಚೇತನ್ ಮರ್ಯಾದೆಯಿಂದಲೇ ಕೇಳಿದ. "ಸರ, ಹನ್ನೊಂದ ವರ್ಷದಾಗ ನೀವು ಒಮ್ಮೆರ ಎಣಿಸಿದ್ದಿರೇನ್ರಿ?"

ವೆಂಕಟರಾಮು ಕೈಯಲ್ಲಿದ್ದ ಪೇಟವನ್ನು ಬೆಂಚಿನ ಮೇಲಿಟ್ಟು ಮಗಳ ಕಡೆ ತಿರುಗಿದರು. ಸಿಯಾ ಎತ್ತಿದ ಕೈ ಎತ್ತಿಕೊಂಡೇ, ಅಪ್ಪ ಏನು ಹೇಳುತ್ತಾರೆ ಎಂದು ಅವರ ಮುಖವನ್ನೇ ನೋಡುತ್ತಿದ್ದಳು.