ರಾಚಪ್ಪನವರ ಒಳಪಂಗಡ ಅಧ್ಯಯನ

ಕಲ್ಲೋಳಿಯ ಮುರಿಗೆಪ್ಪನ ಮಗ ರಾಚಪ್ಪ ಮುಂಬಯಿಯಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದದ್ದು ೧೯೩೬ರ ದೀಪಾವಳಿಯ ಮುಂದೆ. ಏನು ಕಲಿತು ಬಂದೆ ಎಂದು ಊರಿನವರು ಕೇಳಿದರು. ಸಮಾಜಶಾಸ್ತ್ರ ಎಂದ. ಅದನ್ನು ಕಲಿತರೆ ಮಾಮಲೇದಾರರಾಗುತ್ತಾರೋ ವಕೀಲರಾಗುತ್ತಾರೋ ಎಂದು ಮತ್ತೆ ಕೇಳಿದರು. ಎರಡೂ ಅಲ್ಲ, ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಯಾರು ಯಾರಿಗೆ ಹೆಣ್ಣು ಕೊಡುತ್ತಾರೆ, ಕೊಡದಿದ್ದರೆ ಯಾಕೆ ಕೊಡುವುದಿಲ್ಲ ಎಂಬುದನ್ನು ತಿಳಿಯುವ ಶಾಸ್ತ್ರ ಎಂದು ರಾಚಪ್ಪ ವಿವರಿಸಿದ. ಇಷ್ಟು ತಿಳಿಯಲು ಮುಂಬಯಿತನಕ ಯಾಕೆ ಹೋಗಬೇಕಿತ್ತು ಎಂಬುದು ಯಾರಿಗೂ ಅರ್ಥವಾಗಲಿಲ್ಲ. ಆದರೆ ಮುರಿಗೆಪ್ಪನಿಗೆ ಮೂಡಲಗಿಯಲ್ಲಿ ದೊಡ್ಡ ಕಿರಾಣಿ ಅಂಗಡಿ ಇತ್ತು. ಹಾಗಾಗಿ ಎಲ್ಲರೂ ತಲೆಯಾಡಿಸಿದರು.

ಲಿಂಗಾಯತರ ಒಳಪಂಗಡಗಳ ಮೇಲೆ ಪ್ರಬಂಧ ಬರೆ ಎಂದು ಮುಂಬಯಿಯ ಗುರುಗಳು ಹೇಳಿ ಕಳಿಸಿದ್ದರು. ಬಸವಣ್ಣನವರ ಮಾತು ಹಿಡಿದವರೆಲ್ಲ ಒಂದೇ ಎಂದು ಜನ ಹೇಳುತ್ತಾರೆ. ಲಗ್ನದ ಮಾತು ಬಂತೋ, ಅಂಗಡಿಯವರು ಅಂಗಡಿಯವರನ್ನೇ ಹುಡುಕುತ್ತಾರೆ, ಎಣ್ಣೆ ಗಾಣದವರು ಗಾಣದವರನ್ನೇ ಹುಡುಕುತ್ತಾರೆ. ಇದರ ಮೂಲ ಕಂಡುಹಿಡಿಯಲು ರಾಚಪ್ಪ ಕೋಟು ತೊಟ್ಟು, ಸೈಕಲ್ಲು ಹತ್ತಿ, ಕಲ್ಲೋಳಿ, ಮಮದಾಪುರ, ಕೊಣ್ಣೂರ ಎಂದು ಮನೆಮನೆ ತಿರುಗಿದ. ಜನ ಖುಷಿಯಿಂದಲೇ ಮಾತಾಡಿದರು. ಎಲ್ಲ ಮನೆಯಲ್ಲೂ ಸಿಕ್ಕ ಉತ್ತರ ಮಾತ್ರ ಒಂದೇ: ನಮ್ಮದೇನೂ ಅಡ್ಡಿಯಿಲ್ಲ, ಆಚೆಯವರು ಒಪ್ಪಬೇಕಲ್ಲ. ಹಾಗಾದರೆ ಅಡ್ಡಿ ಮಾಡುವವರು ಎಲ್ಲಿದ್ದಾರೆ ಎಂದು ಹುಡುಕುವುದೇ ರಾಚಪ್ಪನ ಕೆಲಸವಾಯಿತು.

ಮಮದಾಪುರದಲ್ಲಿ ಗಾಣದ ಸತ್ತೆಪ್ಪನೊಬ್ಬ ಬೇರೆ ಮಾತು ಹೇಳಿದ. ಅಂಗಡಿಯವರ ಮನೆಗೆ ಮಗಳನ್ನು ಕೊಡಲು ತಾನು ತಯಾರಿದ್ದೇನೆ, ಈವರೆಗೆ ಯಾರೂ ಕೇಳಿಲ್ಲ ಅಷ್ಟೇ ಎಂದ. ಆ ಮಗಳು ತಾಯವ್ವ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದಳು. ಮಜ್ಜಿಗೆ ತಂದಿಟ್ಟವಳು, ಇದನ್ನೆಲ್ಲ ತಿಳಿದುಕೊಂಡ ಮೇಲೆ ಮುಂದೇನು ಮಾಡುತ್ತೀರಿ ಎಂದು ಕೇಳಿದಳು. ಅಚ್ಚು ಹಾಕಿಸುತ್ತೇನೆ ಎಂದ ರಾಚಪ್ಪ. ಅವಳು ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಚೈತ್ರದಲ್ಲಿ ಗೋಕಾಕದ ವಾಚನಾಲಯದವರು ರಾಚಪ್ಪನ ಭಾಷಣ ಇಟ್ಟರು. ಅವನು ಚೆನ್ನಾಗಿಯೇ ಮಾತಾಡಿದ, ಅದರಲ್ಲಿ ಸುಳ್ಳಿಲ್ಲ. ಒಳಪಂಗಡವೆಂದರೆ ಹೆದರಿಕೆಗೆ ನಾವಿಟ್ಟ ಇನ್ನೊಂದು ಹೆಸರು, ಯಾರಾದರೂ ಒಬ್ಬರು ಬೇಲಿ ಹಾರಬೇಕು, ಹಾರಿದ ಮೇಲೆ ಅಲ್ಲಿ ಬೇಲಿಯೇ ಇರಲಿಲ್ಲವೆಂದು ಎಲ್ಲರಿಗೂ ಗೊತ್ತಾಗುತ್ತದೆ ಎಂದು ಮೇಜು ಗುದ್ದಿ ಹೇಳಿದ. ಪೇಟೆಗೆ ಎಣ್ಣೆ ಮಾರಲು ಹೋಗಿದ್ದ ಸತ್ತೆಪ್ಪ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಅರ್ಧ ಮಾತು ಅವನ ತಲೆಯ ಮೇಲಿಂದ ಹೋಯಿತು. ಬೇಲಿಯ ಮಾತು ನೆಟ್ಟಗೆ ಎದೆಗೆ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಮನೆಗೆ ಬಂದು, ರಾಚಪ್ಪನಿಗೇ ನಿನ್ನನ್ನು ಕೊಡುವ ಮಾತು ಎತ್ತುತ್ತೇನೆ ಎಂದು ಮಗಳಿಗೆ ಹೇಳಿದ. ತಾಯವ್ವ ಬೇಡವೆಂದಳು.

"ಅಪ್ಪಾ, ಅವ್ರು ಹೇಳಿದ್ದು ಮಂದಿಗೆ. ತಮಗಲ್ಲ."

ಅಷ್ಟು ಜನರೆದುರು ನಿಂತು ಕಲಿತವನು ಸುಳ್ಳು ಹೇಳಲಾರ ಎಂಬುದು ಸತ್ತೆಪ್ಪನ ನಂಬಿಕೆ. ಸೋಮವಾರ ಒಳ್ಳೆಯ ದಿನವೆಂದು ಊರ ಹಿರಿಯ ಮಾಳಪ್ಪನನ್ನು ಜೊತೆಗೆ ಕರೆದುಕೊಂಡು, ಎಲೆ ಅಡಿಕೆ ತೆಂಗಿನಕಾಯಿ ಹಿಡಿದು ಕಲ್ಲೋಳಿಗೆ ಹೋದ.

ರಾಚಪ್ಪನ ತಾಯಿ ಗೌರವ್ವ ಬಂದವರಿಗೆ ಕಾಲಿಗೆ ನೀರು ಕೊಟ್ಟು ಒಳಗೆ ಕೂರಿಸಿದಳು. ಮಮದಾಪುರದ ಒಂದು ತೊಟ್ಟಿಲ ಕಾರ್ಯದಲ್ಲಿ ಅವಳು ತಾಯವ್ವನನ್ನು ನೋಡಿದ್ದಳು. ಹುಡುಗಿಯ ನಡೆನುಡಿ ಮನಸ್ಸಿಗೆ ಬಂದಿತ್ತು. ವಿಷಯ ಕಿವಿಗೆ ಬಿದ್ದದ್ದೇ ತಡ, ಒಲೆಯ ಮೇಲೆ ರವೆ ಬೆಲ್ಲದ ಸಜ್ಜಕಕ್ಕೆ ಇಟ್ಟಳು. ಮುರಿಗೆಪ್ಪ ವ್ಯಾಪಾರಸ್ಥ, ಗಿರಾಕಿಯನ್ನು ಎಂದೂ ಬಾಯಿಬಿಟ್ಟು ಇಲ್ಲ ಎಂದವನಲ್ಲ. ತನ್ನದೇನೂ ಅಡ್ಡಿಯಿಲ್ಲ, ಮಗ ಇದರಲ್ಲೇ ಎಂ.ಎ. ಮಾಡಿದವನು, ಅವನನ್ನೇ ಕೇಳಿ ಎಂದು ಮಹಡಿಯಿಂದ ಕರೆಸಿದ.

ರಾಚಪ್ಪ ಬಂದು ಕುಳಿತ. ಬೇಲಿ ಹಾರಲು ತನ್ನನ್ನೇ ಕರೆಯುತ್ತಾರೆಂದು ಅವನು ಎಣಿಸಿರಲಿಲ್ಲ. ಮೊದಲು ಸತ್ತೆಪ್ಪನ ವಿಶಾಲ ಮನಸ್ಸನ್ನು ಹೊಗಳಿದ. ಆಮೇಲೆ, ಅಧ್ಯಯನದಲ್ಲಿ ನೋಡುವವನು ಬೇರೆ, ನೋಡಿಸಿಕೊಳ್ಳುವವರು ಬೇರೆ ಇರಬೇಕು ಎಂದು ಶುರುಮಾಡಿದ. ವೈದ್ಯನಿಗೇ ಬೇನೆ ತಗುಲಿದರೆ ಔಷಧ ಕೊಡುವವರು ಯಾರು ಎಂದ. ನಡುವೆ ಇಂಗ್ಲಿಷೂ ಬಂತು. ಸತ್ತೆಪ್ಪ ಎಲೆಯ ತಾಟು ಹಿಡಿದುಕೊಂಡೇ ಕೇಳುತ್ತಿದ್ದ.

"ಸಾಹೇಬ್ರ, ನನಗ ಓದು ಬರೂದಿಲ್ಲ," ಎಂದ ಕೊನೆಗೆ. "ಹೂಂ ಅಂತೀರೋ, ಒಲ್ಲೆ ಅಂತೀರೋ, ಅಷ್ಟ ಹೇಳ್ರಿ."

"ಹಂಗ ಕೇಳಿದ್ರ ಅದಕ್ಕ ಉತ್ತರಾ ಇಲ್ರಿ. ನಾನ ಈ ಲಗ್ನಾ ಆದ್ರ ನನ್ನ ಅಧ್ಯಯನಕ್ಕ ಪಕ್ಷಪಾತ ಬಂತು ಅಂತ ಮುಂಬೈದವ್ರು ಅಂತಾರ."

ಮಾಳಪ್ಪ ರುಮಾಲು ಸರಿಮಾಡಿಕೊಂಡು ಎದ್ದ. "ನಮ್ಮ ಕಡೆ ಒಲ್ಲೆ ಅನ್ನಾಕ ಒಂದ ಮಾತು ಸಾಕಾಗ್ತೈತಿ, ಮುರಿಗೆಪ್ಪಣ್ಣ. ನಿಮ್ಮ ಮಗಾ ಭಾಳ ಕಲಿತಾನ."

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಗೌರವ್ವ, "ನನಗ ಆ ಹುಡಿಗಿ ಬೇಕು," ಎಂದಳು. ಸಜ್ಜಕ ತಳ ಹಿಡಿಯುತ್ತಿದೆ ನೋಡು ಎಂದು ಮುರಿಗೆಪ್ಪ ಅವಳನ್ನು ಒಳಗೆ ಕಳಿಸಿದ. ಬಂದವರು ಸಜ್ಜಕ ತಿನ್ನಲಿಲ್ಲ.

ದಾರಿಯಲ್ಲಿ ಸತ್ತೆಪ್ಪ ತೆಂಗಿನಕಾಯಿ ಹಾಗೇ ಹಿಡಿದುಕೊಂಡು ನಡೆದ. ಹೆಣ್ಣು ಬೇಡವೆಂದದ್ದು ಅವನಿಗೆ ಅಷ್ಟು ನೋವಾಗಲಿಲ್ಲ, ಜಗತ್ತಿನಲ್ಲಿ ಅದು ಇದ್ದದ್ದೇ. ಗೋಕಾಕದಲ್ಲಿ ತಾನು ತಟ್ಟಿದ ಚಪ್ಪಾಳೆ ನೆನಪಾಗಿ ಕಿವಿ ಬಿಸಿಯಾಯಿತು. ಮನೆಯಲ್ಲಿ ತಾಯವ್ವ ಅಪ್ಪನ ಮುಖ ನೋಡಿ ರೊಟ್ಟಿ ಬಡಿಸಿದಳು.

ಮರುವರ್ಷ ರಾಚಪ್ಪನ ಲಗ್ನ ಹುಕ್ಕೇರಿಯ ಅರಿವೆ ವ್ಯಾಪಾರಿಯ ಮಗಳೊಂದಿಗೆ ಆಯಿತು. ಮಾವ ಬಂಗಾರದ ಗಡಿಯಾರ ಕೊಟ್ಟ, ಗ್ರಾಮಾಫೋನು ಕೊಟ್ಟ. ಅಂಗಡಿಯವರ ಮಗಳನ್ನು ಅಂಗಡಿಯವರು ಮಾಡಿಕೊಂಡರೆ ಅಧ್ಯಯನಕ್ಕೆ ಪಕ್ಷಪಾತ ತಗಲುವುದಿಲ್ಲವೆಂದು ಕಾಣುತ್ತದೆ, ಮುಂಬಯಿಯಿಂದ ಯಾವ ಆಕ್ಷೇಪವೂ ಬರಲಿಲ್ಲ. ಪ್ರಬಂಧ ಅಚ್ಚಾಯಿತು. ಗಂಡಸರಲ್ಲಿ ಸುಧಾರಣೆಯ ಗಾಳಿ ಬೀಸಿದ್ದರೂ, ಮನೆಯ ಓದುಬರಹವಿಲ್ಲದ ಮುದುಕಿಯರು ಒಳಪಂಗಡದ ಗೋಡೆ ಕಾಯುತ್ತಿದ್ದಾರೆ ಎಂಬುದು ಅದರ ತೀರ್ಮಾನ. ವಿದ್ವಾಂಸರು ಮೆಚ್ಚಿದರು. ರಾಚಪ್ಪನಿಗೆ ಒಂದು ಕಾಲೇಜಿನಲ್ಲಿ ನೌಕರಿ ಸಿಕ್ಕಿತು.

ತಾಯವ್ವನಿಗೆ ಕೊಣ್ಣೂರಿಗೆ ವರ್ಗವಾಯಿತು. ಅಲ್ಲಿಯ ಸಾಲೆಯ ಪರಪ್ಪ ಮಾಸ್ತರ ಅವಳನ್ನು ಲಗ್ನವಾದ. ಅವನು ನೇಕಾರರ ಮನೆಯವನು. ಊರಲ್ಲಿ ಎರಡು ತಿಂಗಳು ಗುಸುಗುಸು ನಡೆಯಿತು, ಸತ್ತೆಪ್ಪನ ಅಣ್ಣ ಮಾತು ಬಿಟ್ಟ, ಸುಗ್ಗಿಗೆ ಆಳು ಬೇಕಾದಾಗ ಮತ್ತೆ ಆಡಿದ. ಗೌರವ್ವ ಗಂಡನಿಗೆ ತವರಿಗೆ ಹೋಗುತ್ತೇನೆಂದು ಹೇಳಿ ಆ ಲಗ್ನಕ್ಕೆ ಹೋಗಿ ಬಂದಿದ್ದಳು.

ಯುದ್ಧದ ದಿನಗಳಲ್ಲಿ, ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ, ರಾಚಪ್ಪ ತನ್ನ ವಿದ್ಯಾರ್ಥಿಗಳನ್ನು ಕಲ್ಲೋಳಿಗೆ ಕರೆತಂದ. ಹಳ್ಳಿ ಎಂದರೇನೆಂದು ಅವರಿಗೆ ತೋರಿಸಬೇಕಿತ್ತು. ಹುಡುಗರು ಬಾವಿ ನೋಡಿದರು, ಮಠ ನೋಡಿದರು, ಆಮೇಲೆ ಗೌರವ್ವನ ಸುತ್ತ ಕುಳಿತರು. ಒಬ್ಬ ಹುಡುಗ, ರಾಚಪ್ಪನ ಪ್ರಬಂಧ ಓದಿ ಬಂದವನು, ಹಿರಿಯ ಹೆಂಗಸರು ಬೇರೆ ಪಂಗಡದ ಸೊಸೆಯನ್ನು ಯಾಕೆ ಒಲ್ಲೆ ಎನ್ನುತ್ತಾರೆ ಎಂದು ವಿನಯದಿಂದ ಕೇಳಿದ.

ಗೌರವ್ವನಿಗೆ ಅದು ಹೊಸ ಸುದ್ದಿ. "ಹಂಗಂತ ಯಾರ್ ಹೇಳಿದ್ರಪಾ?"

ಹುಡುಗ ಮಾಸ್ತರರ ಕಡೆ ನೋಡಿದ.

"ಗಾಣದವ್ರು ತಮ್ಮ ಹುಡಿಗಿನ್ನ ಕೊಡ್ತೇವಂತ ಈ ಬಾಗಲಕ್ಕ ಬಂದಿದ್ರು," ಎಂದಳು ಗೌರವ್ವ. "ನಾ ಬೇಕು ಅಂದ್ನಿ. ಒಲ್ಲೆ ಅಂದವ ನಿಮ್ಮ ಮಾಸ್ತರ. ಅದನ್ನೂ ನೆಟ್ಟಗ ಅನ್ಲಿಲ್ಲ."

ಹುಡುಗರು ನೆಲ ನೋಡಿದರು. ರಾಚಪ್ಪ ಕನ್ನಡಕ ತೆಗೆದು ಒರೆಸಿಕೊಂಡ. ಅವನಿಗೆ ಸಿಟ್ಟು ಬರಲಿಲ್ಲ. ಮೆತ್ತಗೆ ನಕ್ಕು, ಸಂಶೋಧನೆಗೆ ಹೊರಟವರು ಇಂಥ ಸಂದರ್ಭಕ್ಕೆ ಸಿದ್ಧರಿರಬೇಕು, ವಯಸ್ಸಾದವರು ಹಿಂದಿನದನ್ನು ತಮಗೆ ಬೇಕಾದಂತೆ ನೆನಪಿಟ್ಟುಕೊಳ್ಳುತ್ತಾರೆ, ಅವರ ಮಾತನ್ನು ಹಾಗೇ ನಂಬಬಾರದು ಎಂದು ವಿವರಿಸಿದ. ಹುಡುಗರು ಅದನ್ನು ಬರೆದುಕೊಂಡರು.