ಒಂಬತ್ತು ಲೀಟರಿನ ಡಬ್ಬಿ

ಮುಜಾಹಿದನಿಗೆ ಆ ಕೆಲಸ ಬೇಡವಾಗಿತ್ತು.

ಸಯನ್ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಹಳೆಯ ಮಾರ್ಕೆಟ್ಟಿನ ಒಳಗೆ ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ಇಬ್ಬರು ಒಳಗೆ ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕು. ಸಿಂದಗಿಯಿಂದ ಮುಂಬೈಗೆ ಬಂದು ಇಪ್ಪತ್ತೇಳು ವರ್ಷವಾಗಿತ್ತು, ಅದರಲ್ಲಿ ಹತ್ತೊಂಬತ್ತು ವರ್ಷ ಇದೇ ಸ್ಟೂಲಿನ ಮೇಲೆ ಬಗ್ಗಿ ಕೂತು ಕಳೆದಿತ್ತು. ಐವತ್ತೊಂದಕ್ಕೇ ಸೊಂಟ ಹಿಡಿದಿತ್ತು. ಸಣ್ಣ ಸ್ಕ್ರೂ ಕಾಣಬೇಕಾದರೆ ಕನ್ನಡಕ ಹಣೆಗೆ ಏರಿಸಿ, ಮೂಗು ಬೋರ್ಡಿಗೆ ತಾಗುವಷ್ಟು ಬಗ್ಗಬೇಕಿತ್ತು.

ಲಾವಣ್ಯಾ ಕೌಂಟರಿನ ಮೇಲೆ ಎರಡು ಸಾಮಾನು ಇಟ್ಟಳು. ಒಂದು, ಮೂರು ಫ್ಯಾನಿನ ದೊಡ್ಡ ಗ್ರಾಫಿಕ್ಸ್ ಕಾರ್ಡು. ಮೊಳಕೈಯಿಂದ ಮುಂಗೈವರೆಗೆ ಬರುವಷ್ಟು ಉದ್ದ. ಅಂಧೇರಿಯಲ್ಲಿ ಸಿನಿಮಾಗಳಿಗೆ ಗ್ರಾಫಿಕ್ಸ್ ಮಾಡುವ ಸ್ಟುಡಿಯೋದಲ್ಲಿ ಅವಳ ಕೆಲಸ, ಅಲ್ಲಿ ಮಷೀನು ಬದಲಿಸಿದಾಗ ಹಳೆಯ ಕಾರ್ಡು ಅವಳ ಪಾಲಿಗೆ ಬಂದಿತ್ತು. ಇನ್ನೊಂದು, ಅಲ್ಯೂಮಿನಿಯಮ್ಮಿನ ಖಾಲಿ ಕೇಸು. ಒಂಬತ್ತು ಲೀಟರಿನದು, ಅಂದರೆ ಚಪ್ಪಲಿ ಡಬ್ಬಿಗಿಂತ ತುಸು ದೊಡ್ಡದು.

"ಅಂಕಲ್, ಇದ್ರಲ್ಲಿ ಇದು ಕೂರ್ಬೇಕು. ಬೋರ್ಡು, ಪವರ್ ಸಪ್ಲೈ, ಸಬ್ ಕುಛ್. ಪಪ್ಪಾಗೆ ಟ್ರಕ್ ಗೇಮ್ ಆಡ್ಲಿಕ್ಕೆ."

ಮುಜಾಹಿದ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟ. "ದೊಡ್ಡ ಕೇಸ್ ತಗೋ ಬೇಟಿ. ಆರಾಮ ಕುಂದರತೈತಿ. ಇದರಾಗ ಹಾಕಿದ್ರ ನನ್ನ ಜೀವಾನೂ ಹೋಗತೈತಿ, ಕಾರ್ಡಿಂದೂ ಹೋಗತೈತಿ."

"ಜಾಗ ಇಲ್ಲ, ಅಂಕಲ್. ಒಂದೇ ರೂಮು. ಅಮ್ಮ ಇಷ್ಟೇ ಕೊಟ್ಟದ್ದು." ಅವಳು ಪರ್ಸಿನಿಂದ ಮೂರು ಗಂಟು ಹಾಕಿದ ದಾರವೊಂದನ್ನು ತೆಗೆದು ತೋರಿಸಿದಳು. ಉದ್ದಕ್ಕೊಂದು, ಅಗಲಕ್ಕೊಂದು, ಎತ್ತರಕ್ಕೊಂದು ಗಂಟು.

ಅವಳ ಅಪ್ಪ ಅಣ್ಣು ಪೂಜಾರಿ ಮೂವತ್ತನಾಲ್ಕು ವರ್ಷ ಲಾರಿ ಓಡಿಸಿದವರು. ಸಕ್ಕರೆ ಕಾಯಿಲೆಯಿಂದ ಬಲಗಣ್ಣು ಹೋಗಿ ನಾಲ್ಕು ವರ್ಷವಾಗಿತ್ತು. ಲೈಸೆನ್ಸ್ ಮತ್ತೆ ಸಿಗಲಿಲ್ಲ. ಅಂದಿನಿಂದ ಮನೆಯಲ್ಲೇ ಕೂತಿದ್ದಾರೆ, ಮಾತು ಕಮ್ಮಿಯಾಗಿದೆ ಎಂದು ಹೇಳುವಾಗ ಲಾವಣ್ಯಾ ದಾರವನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಸ್ಟೇರಿಂಗ್, ಪೆಡಲು ಎಲ್ಲ ತಂದಾಗಿತ್ತು. ಗೋಡೆಯ ಟಿವಿ ದೊಡ್ಡದು, ಅದರ ಮೇಲೆ ರಸ್ತೆ ನಿಜದ ಹಾಗೆ ಕಾಣಬೇಕಾದರೆ ಈ ಕಾರ್ಡೇ ಬೇಕು ಎಂದಳು.

ಇಲ್ಲ ಎನ್ನಲು ಮುಜಾಹಿದನಿಗೆ ಬಾಯಿ ಬರಲಿಲ್ಲ. "ಇಟ್ಟು ಹೋಗು. ನೋಡೂಣು," ಎಂದ.

ಮರುದಿನವೇ ಅಣ್ಣು ಪೂಜಾರಿಯವರು ಅಂಗಡಿಗೆ ಬಂದರು. ಎತ್ತರದ ಆಳು, ಹೆಗಲು ಮಾತ್ರ ಮುಂದಕ್ಕೆ ಬಾಗಿತ್ತು. ಒಳಗೆ ಬರುವಾಗ ಕಾಣದ ಕಣ್ಣಿನ ಬದಿಯ ಬಾಗಿಲಿಗೆ ಭುಜ ತಾಗಿಸಿಕೊಂಡರು.

"ನೀವು ಯಾವ ಊರು ಭಾಯಿ?"

"ಸಿಂದಗಿ ಕಡಿಯಾಂವ್ರೀ."

"ಸಿಂದಗಿಯಾ? ಗೊತ್ತುಂಟು ಮಾರಾಯ್ರೆ! ಆ ಕಡೆಯ ದ್ರಾಕ್ಷಿ ನಾನು ವಾಶಿ ಮಾರ್ಕೆಟ್ಟಿಗೆ ಎಷ್ಟು ಹೊತ್ತಿಲ್ಲ! ಬೆಳಿಗ್ಗೆ ಅಲ್ಲಿ ಸುಸಲಾ ತಿಂದು ಹೊರಟ್ರೆ..." ಎಂದು ಶುರು ಮಾಡಿದವರು ಎಲ್ಲಿಗೆ ಮುಟ್ಟುತ್ತಿದ್ದೆ ಎಂದು ಹೇಳುವ ಮೊದಲೇ ಸುಮ್ಮನಾದರು. ಊರಿನ ಚುರಮುರಿ ತಿಂಡಿಯ ಆ ಹೆಸರು ಕೇಳಿ ಎಷ್ಟು ಕಾಲವಾಯಿತೋ. ಮುಜಾಹಿದ ಗೋಡೆಗೆ ಒರಗಿಸಿದ್ದ ಇನ್ನೊಂದು ಸ್ಟೂಲನ್ನು ಎಳೆದು ಕೊಟ್ಟ.

ಆಮೇಲೆ ಪೂಜಾರಿಯವರು ದಿನಾ ಬಂದರು. ಹನ್ನೊಂದಕ್ಕೆ ಬಂದು ಊಟದ ಹೊತ್ತಿಗೆ ಹೋಗುವರು. ಅವರು ನೋಡುತ್ತಿರುವಾಗ ಕೆಲಸ ಇನ್ನೂ ಕಷ್ಟವಾಗುತ್ತಿತ್ತು.

ಮೊದಲ ದಿನ ಎಲ್ಲ ಜೋಡಿಸಿದ ಮೇಲೆ ಕೇಸಿನ ಬಾಗಿಲು ಮುಚ್ಚಲಿಲ್ಲ. ಕಾರ್ಡಿಗೆ ಚುಚ್ಚುವ ದಪ್ಪ ವೈರು ಅರ್ಧ ಬೆರಳು ಹೊರಗೆ ಉಬ್ಬಿತು. ಬಿಚ್ಚಿ ಮತ್ತೆ ಜೋಡಿಸಿದ. ಬಾಗಿಲು ಮುಚ್ಚಿತು, ಆದರೆ ಒಳಗೆ ಯಾವುದೋ ವೈರು ಫ್ಯಾನಿಗೆ ತಾಗಿ ಟಿಕ್ ಟಿಕ್ ಎನ್ನತೊಡಗಿತು. ಮೂರನೆಯ ಸಲ ಟಿಕ್ ಟಿಕ್ ನಿಂತಿತು, ಪರದೆಯ ಮೇಲೆ ಮಾತ್ರ ಏನೂ ಬರಲಿಲ್ಲ. ಬೋರ್ಡಿಗೂ ಕಾರ್ಡಿಗೂ ನಡುವೆ ಹಾಕುವ ರಿಬ್ಬನ್ನಿನಂಥ ಕೇಬಲ್ಲು ಮಡಚುವಲ್ಲಿ ಮುರಿದಿತ್ತು. ಹೊಸದು ಬರಲು ಮೂರು ದಿನ ಕಾಯಬೇಕಾಯಿತು. ಮೊದಲಾಗಿದ್ದರೆ ಇಂಥ ಕೆಲಸಕ್ಕೆ ಹುರುಪು ಬರುತ್ತಿತ್ತು, ಹಟ ಬರುತ್ತಿತ್ತು. ಈಗ ಬೆರಳುಗಳು ಒಳಗೆ ಹೋಗುತ್ತಿರಲಿಲ್ಲ, ಹೋದರೆ ಗೀರಿಕೊಂಡು ಬರುತ್ತಿದ್ದವು.

ಕೇಬಲ್ಲು ಬಂದ ದಿನವೂ ಬಾಗಿಲು ಮುಚ್ಚದಾದಾಗ ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಹಣೆಯನ್ನು ಕೌಂಟರಿಗೆ ಆನಿಸಿ ಕೂತುಬಿಟ್ಟ. "ಆಗೂದಿಲ್ರೀ ಪೂಜಾರ್ರ. ಸಾಕಾತು ನನಗ."

ಪೂಜಾರಿಯವರು ತೆರೆದ ಕೇಸಿನೊಳಗೆ ಬಗ್ಗಿ ನೋಡಿದರು. ಆಮೇಲೆ ಗಂಟಲು ಸರಿಮಾಡಿಕೊಂಡರು. "ನಾನು ಹೇಳಿದ್ರೆ ಬೇಜಾರು ಮಾಡಬೇಡಿ. ನೀವು ಲೋಡು ಮಾಡುದೇ ತಪ್ಪು."

"ಏನು?"

"ಉದ್ದದ್ದು ಮೊದಲು ಹೋಗ್ಬೇಕು. ಲಾರಿಗೆ ಪೈಪು, ಪೆಟ್ಟಿಗೆ ಎರಡೂ ಹಾಕ್ಲಿಕ್ಕಿದ್ರೆ ಪೈಪು ಮೊದಲು. ಪೆಟ್ಟಿಗೆ ಆಮೇಲೆ ಸಂದಿಗೆ ಕೂರ್ತದೆ. ನೀವು ಪೆಟ್ಟಿಗೆ ಎಲ್ಲ ತುಂಬಿಸಿ ಕಡೆಗೆ ಪೈಪು ತುರುಕ್ತೀರಿ. ಹೇಗೆ ಹೋಗ್ತದೆ ಮಾರಾಯ್ರೆ?"

ಲಾರಿಯವರು ನನಗೆ ಕಂಪ್ಯೂಟರ್ ಜೋಡಿಸಲು ಕಲಿಸುವ ಕಾಲ ಬಂತಲ್ಲ ಎಂದು ಮುಜಾಹಿದನಿಗೆ ಒಳಗೇ ಉರಿಯಿತು. ಆದರೆ ಬೇರೆ ದಾರಿಯೂ ಇರಲಿಲ್ಲ. ಎಲ್ಲವನ್ನೂ ಹೊರಗೆ ತೆಗೆದ. ಖಾಲಿ ಕೇಸಿಗೆ ಮೊದಲು ಕಾರ್ಡನ್ನು ಇಳಿಸಿದ. ಅದರ ದಪ್ಪ ವೈರು ಬೀಳುವ ದಾರಿ ನೋಡಿಕೊಂಡು, ಆ ವೈರಿನ ಮೇಲೆಯೇ ಪವರ್ ಸಪ್ಲೈ ಕೂರಿಸಿದ. ಬೋರ್ಡು ಕಡೆಗೆ ಹಾಕಿದ. ಬಾಗಿಲನ್ನು ಅಂಗೈಯಿಂದ ಒತ್ತಿದಾಗ ಅದು ಯಾವ ತಕರಾರೂ ಇಲ್ಲದೆ ಮುಚ್ಚಿಕೊಂಡಿತು.

ಪರದೆ ಬೆಳಗಿತು. ಗಂಟೆಗಟ್ಟಲೆ ಓಡಿಸಿದರೂ ಎಲ್ಲ ಸರಿಯಿತ್ತು. ಪೂಜಾರಿಯವರು ಡಬ್ಬಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, "ಇಷ್ಟರಲ್ಲಿ ಲಾರಿ ಉಂಟಾ?" ಎಂದು ನಕ್ಕರು. ಅವರು ನಕ್ಕದ್ದನ್ನು ಮುಜಾಹಿದ ಅದೇ ಮೊದಲು ನೋಡಿದ್ದು.

ಶನಿವಾರ ಲಾವಣ್ಯಾ ಬಂದು ಡಬ್ಬಿಯನ್ನು ಮನೆಗೆ ಒಯ್ದಳು. ಮಂಗಳವಾರ ಫೋನು ಬಂತು. "ಅಂಕಲ್, ಇಪ್ಪತ್ತು ನಿಮಿಷಕ್ಕೆ ಬಂದ್ ಆಗ್ತದಂತೆ. ಪಪ್ಪ ಮತ್ತೆ ಸುಮ್ಮನೆ ಕೂತಿದ್ದಾರೆ. ನೀವು ಒಮ್ಮೆ ಹೋಗಿ ನೋಡ್ತೀರಾ, ಪ್ಲೀಸ್?"

ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು ಮುಜಾಹಿದ ಹೊರಟ. ಪೂಜಾರಿಯವರ ಚಾಳಿನಲ್ಲಿ ಲಿಫ್ಟಿಲ್ಲ. ಮೂರನೆಯ ಮಾಳಿಗೆಗೆ ಹತ್ತುವಷ್ಟರಲ್ಲಿ ಎರಡು ಸಲ ನಿಂತು ಸೊಂಟ ನೀವಿಕೊಂಡ.

ಬಾಗಿಲು ತೆಗೆದದ್ದು ಪೂಜಾರಿಯವರ ಹೆಂಡತಿ ರಾಜೀವಿ. ಸಣ್ಣ ಮೈಕಟ್ಟಿನ ಹೆಂಗಸು, ಸೆರಗಿನ ತುದಿಯಲ್ಲಿ ಎರಡು ಪಿನ್ನು ಚುಚ್ಚಿದ್ದರು. ಒಂದೇ ಕೋಣೆ: ಒಂದು ಬದಿ ಅಡುಗೆ ಕಟ್ಟೆ, ಇನ್ನೊಂದು ಬದಿ ಮಂಚ, ಎದುರು ಗೋಡೆಗೆ ಟಿವಿ. ಫ್ರಿಜ್ಜಿಗೂ ಕಬ್ಬಿಣದ ಕಪಾಟಿಗೂ ನಡುವಿನ ಸಂದಿಯಲ್ಲಿ, ಸ್ಟೇರಿಂಗ್, ಪೆಡಲುಗಳ ಜೊತೆ ಒತ್ತಿಕೊಂಡು ಡಬ್ಬಿ ಕೂತಿತ್ತು. ಧೂಳು ಬೀಳಬಾರದೆಂದು ಅದರ ಮೇಲೆ ಒಂದು ಕಸೂತಿ ಬಟ್ಟೆ.

ಮುಜಾಹಿದ ಬಟ್ಟೆ ತೆಗೆದು ಕೈ ಇಟ್ಟ. ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಬದಿಯಲ್ಲಿ ಫ್ರಿಜ್ಜಿನ ಬಿಸಿ ಬೇರೆ.

"ಅಕ್ಕಾರ, ಇದಕ್ಕ ಗಾಳಿ ಬೇಕ್ರೀ. ಸುತ್ತ ನಾಕು ಬೆರಳ ಜಾಗಾ ಬಿಡ್ರಿ, ಸಾಕು. ಕಪಾಟ ಸ್ವಲ್ಪ ಆ ಕಡೆ—"

"ಇಲ್ಲ ಭಾಯಿ," ಎಂದರು ರಾಜೀವಿ. ದನಿ ಏರಿಸಲಿಲ್ಲ. "ನಾಲ್ಕು ಬೆರಳಲ್ಲ, ಇನ್ನು ಒಂದು ಬೆರಳು ಸಹ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ. ಕೊಡುದೆಲ್ಲ ಕೊಟ್ಟಾಯ್ತು."

ಮಂಚದ ಮೇಲೆ ಕೂತಿದ್ದ ಪೂಜಾರಿಯವರು ತಲೆಯೆತ್ತಿದರು. "ಎಂತ ಕೊಟ್ಟಾಯ್ತು?"

"ಆ ಸಂದಿಯಲ್ಲಿ ಮೊದಲು ಎಂತ ಇತ್ತು, ಹೇಳಿ ನೋಡುವ."

ಪೂಜಾರಿಯವರು ಸಂದಿಯ ಕಡೆ ನೋಡಿದರು. ಮುಜಾಹಿದನಿಗೆ ಮಾತ್ರ ನೆಲದ ಮೇಲಿನ ನಾಲ್ಕು ಗುರುತು ಕಂಡವು. ಭಾರದ ಕಾಲುಗಳು ವರ್ಷಗಟ್ಟಲೆ ಒಂದೇ ಕಡೆ ಊರಿ ನಿಂತು ಬಿದ್ದ ಗುರುತು.

"ನನ್ನ ಹೊಲಿಗೆ ಮಷೀನು ಇತ್ತು," ಎಂದರು ರಾಜೀವಿ. "ಕೆಳಗಿನ ಸೇವಂತಿಗೆ ಕೊಟ್ಟೆ. ಎರಡು ತಿಂಗಳಾಯ್ತು. ಮಷೀನು ಎಲ್ಲಿ ಅಂತ ಇವ್ರು ಒಂದು ದಿನ ಕೇಳಲಿಲ್ಲ."

"ಕಾಲು ನೋವು, ಇನ್ನು ತುಳೀಲಿಕ್ಕೆ ಆಗುದಿಲ್ಲ ಅಂತ ನೀನೇ ಹೇಳಿದ್ದಲ್ವಾ?"

"ಕಾಲು ನೋವು ಅಂತ ಹೇಳಿದ್ದು ಹೌದು. ಮಷೀನು ಬೇಡ ಅಂತ ಯಾವಾಗ ಹೇಳಿದೆ?"

"ಮತ್ತೆ ಯಾಕೆ ಕೊಟ್ಟದ್ದು?"

ರಾಜೀವಿ ಅಡುಗೆ ಕಟ್ಟೆಗೆ ಒರಗಿ ನಿಂತರು. "ನೀವು ಗೋಡೆ ನೋಡಿಕೊಂಡು ಕೂತದ್ದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ಲಾರಿಯಲ್ಲಿದ್ದಾಗ ಹದಿನೈದು ದಿನಕ್ಕೊಮ್ಮೆ ಬರ್ತಿದ್ರಿ, ಬಂದಾಗ ನಾಲ್ಕು ಮಾತು ಇತ್ತು. ಈಗ ದಿನಾ ಇದ್ದೀರಿ, ಒಂದು ಮಾತಿಲ್ಲ. ಮಗಳು ಹೀಗೊಂದು ತರ್ತೇನೆ ಅಂದಾಗ, ಹೋಗ್ಲಿ ಮಷೀನು, ಮನುಷ್ಯ ಮಾತಾಡಿದ್ರೆ ಸಾಕು ಅಂತ ಕೊಟ್ಟೆ. ಈಗ ಇದೂ ಇಪ್ಪತ್ತು ನಿಮಿಷಕ್ಕೆ ಬಂದ್."

ಪರರ ಮನೆಯ ಇಂಥ ಮಾತಿನ ನಡುವೆ ಸಿಕ್ಕಿಕೊಂಡು ಮುಜಾಹಿದನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಎದ್ದು ಹೋಗಿಬಿಡೋಣವೆನಿಸಿತು. ಮುಂಬ್ರಾದ ತನ್ನ ಮನೆಯಲ್ಲಿ ಮಂಚದ ಕೆಳಗೆ ಸತ್ತ ಬೋರ್ಡುಗಳ ಏಳು ರಟ್ಟಿನ ಪೆಟ್ಟಿಗೆ ಇದ್ದವು. ಹೆಂಡತಿ ನಜಮುನ್ನೀಸಾ ವರ್ಷಗಳಿಂದ ಅವುಗಳ ಸುತ್ತ ಕಸಬರಿಗೆ ಆಡಿಸುತ್ತಿದ್ದಳು. ಅಲ್ಲಿ ಮೊದಲು ಏನಿತ್ತೆಂದು ತನ್ನನ್ನು ಕೇಳಿದ್ದರೆ ತಾನಾದರೂ ಏನು ಹೇಳುತ್ತಿದ್ದೆ?

ತಪ್ಪಿಸಿಕೊಳ್ಳಲು ಅವನು ಗೋಡೆ ನೋಡಿದ. ಟಿವಿಯ ಬಲಕ್ಕೆ, ಕ್ಯಾಲೆಂಡರಿನ ಮೇಲೆ, ಎರಡು ಗೇಣು ಗೋಡೆ ಖಾಲಿಯಿತ್ತು. ಸೀಲಿಂಗ್ ಫ್ಯಾನಿನ ಗಾಳಿ ನೇರ ಅಲ್ಲಿಗೇ ಬರುತ್ತಿತ್ತು.

"ಅಕ್ಕಾರ," ಎಂದ, "ಗ್ವಾಡಿ ಮ್ಯಾಲೆ ಹಾಕಿದ್ರ ನಡೀತೈತೇನ್ರೀ? ಸಣ್ಣದೈತಿ, ತೂಕಾನೂ ಇಲ್ಲ. ಒಂದು ಹಲಗಿ ಹೊಡದ್ರ ಸಾಕು. ಕೆಳಗ ನಿಮ್ಮ ಜಾಗಾ ನಿಮಗ ಇರತೈತಿ."

ರಾಜೀವಿ ಗೋಡೆಯನ್ನು ನೋಡಿದರು, ಗಂಡನನ್ನು ನೋಡಿದರು. "ಹೊಡೀರಿ. ಗೋಡೆ ನಾನು ಎಂತ ಮಾಡ್ಲಿಕ್ಕುಂಟು?"

ಮುಜಾಹಿದ ಮತ್ತೆ ಮೂರು ಮಾಳಿಗೆ ಇಳಿದ. ಗಲ್ಲಿಯ ಎಲೆಕ್ಟ್ರಿಷಿಯನ್ ಮರೆಪ್ಪನಿಂದ ಡ್ರಿಲ್ಲು, ಹಾರ್ಡ್‌ವೇರ್ ಅಂಗಡಿಯಿಂದ ಎರಡು ಬ್ರ್ಯಾಕೆಟ್ಟು ಮತ್ತು ಒಂದು ತುಂಡು ಹಲಗೆ ತಂದು ಮತ್ತೆ ಮೂರು ಮಾಳಿಗೆ ಹತ್ತಿದ. ಗೋಡೆಯಿಂದ ಉದುರಿದ ಕೆಂಪು ಪುಡಿಯನ್ನು ಪೂಜಾರಿಯವರು ಪೇಪರು ಹಿಡಿದು ಸಂಗ್ರಹಿಸಿದರು. ಡಬ್ಬಿ ಮೇಲೇರಿತು. ಸ್ಟೇರಿಂಗ್ ಹಿಡಿದು ಪೂಜಾರಿಯವರು ಲಾರಿ ಬಿಟ್ಟರು. ಯಾವುದೋ ಪರದೇಶದ ಅಗಲ ರಸ್ತೆ, ಎರಡೂ ಬದಿ ಹಸಿರು ಗದ್ದೆ. ಇಪ್ಪತ್ತು ನಿಮಿಷ ಕಳೆಯಿತು. ಮುಕ್ಕಾಲು ಗಂಟೆ ಕಳೆಯಿತು. ಮುಜಾಹಿದ ಕೈಯಿಟ್ಟು ನೋಡಿದ, ಬೆಚ್ಚಗಿತ್ತು, ಅಷ್ಟೇ.

"ಹಾಂ. ಈಗ ಓಡಸ್ರಿ," ಎಂದ.

ಪೂಜಾರಿಯವರು ಓಡಿಸಲಿಲ್ಲ. ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಎದ್ದು ಚಪ್ಪಲಿ ಮೆಟ್ಟಿಕೊಂಡರು. "ಸೇವಂತಿಯ ಹತ್ತಿರ ಹೋಗಿ ಬರ್ತೇನೆ," ಎಂದು ಕತ್ತಲೆ ಮೆಟ್ಟಿಲನ್ನು ಕೈಯಿಂದ ತಡವುತ್ತಾ ಇಳಿದರು.

ಬರಲು ತುಂಬ ಹೊತ್ತಾಯಿತು. ಬಂದವರು ಏದುಸಿರು ಬಿಡುತ್ತಾ ಮಂಚದ ತುದಿಯಲ್ಲಿ ಕೂತರು. "ಶಾಲೆ ಯೂನಿಫಾರಮ್ಮಿನ ಆರ್ಡರು ಹಿಡಿದಿದ್ದಾಳಂತೆ. ಮುಗಿದ ಮೇಲೆ ಕೊಡ್ತೇನೆ ಅಂದಳು. ಹತ್ತು ದಿನ ಆಗ್ತದಂತೆ."

"ಆಗ್ಲಿ," ಎಂದರು ರಾಜೀವಿ. "ಅವಳಿಗೂ ಬೇಕಲ್ಲ."

ಮೂವರೂ ಚಹಾ ಕುಡಿದರು.

ಎರಡು ವಾರದ ನಂತರ ಲಾವಣ್ಯಾ ಫೋನು ಮಾಡಿ ಹೇಳಿದಳು: ಸ್ಟೇರಿಂಗ್, ಪೆಡಲು ಮಂಚದ ಕೆಳಗೆ ಹೋದವು, ಮಷೀನು ಬಂತು, ಸಂದಿಗೇ ಕೂತಿತು. ಅಮ್ಮ ದಿನಕ್ಕೊಂದು ಗಂಟೆ ತುಳಿಯುತ್ತಾರೆ, ಆಮೇಲೆ ಕಾಲಿಗೆ ಎಣ್ಣೆ ಹಚ್ಚಿ ಮಲಗುತ್ತಾರೆ. ಆ ಗಂಟೆ ಮಷೀನಿನ ಸದ್ದಿಗೆ ಲಾರಿಯ ಹಾರ್ನೂ ಕೇಳುವುದಿಲ್ಲವಂತೆ. ಪಪ್ಪ ಟಿವಿಯ ಸದ್ದೇ ಬಂದ್ ಮಾಡಿ ಓಡಿಸುತ್ತಾರೆ. ಎಲ್ಲಿ ಮುಟ್ಟಿದ್ರಿ ಎಂದು ಅಮ್ಮ ಕೇಳುತ್ತಾರಂತೆ, ಆ ದೇಶದ ರಸ್ತೆ ಬೋರ್ಡು ಓದ್ಲಿಕ್ಕೆ ಬರುದಿಲ್ಲ ಮಾರಾಯ್ತಿ ಎಂದು ಪಪ್ಪ ಹೇಳುತ್ತಾರಂತೆ. "ಬಸ್, ಇಷ್ಟೇ ಮಾತು, ಅಂಕಲ್. ಬಟ್ ಮಾತಾಡ್ತಾರೆ."

ಅಂದು ಸಂಜೆ ಮುಜಾಹಿದ ಸಯನ್‌ನಿಂದ ಮುಂಬ್ರಾವರೆಗೆ ಲೋಕಲ್‌ನಲ್ಲಿ ನಿಂತೇ ಹೋದ. ಮನೆಗೆ ಬಂದವನು ಕೈಕಾಲು ತೊಳೆಯುವ ಮೊದಲೇ ಮಂಚದ ಕೆಳಗೆ ಬಗ್ಗಿ ಒಂದು ಪೆಟ್ಟಿಗೆ ಎಳೆದ. ಎರಡನೆಯದನ್ನು ಎಳೆಯುವಾಗ ಸೊಂಟ ಚುಳುಕೆಂದಿತು. ಹಾಗೇ ನೆಲದ ಮೇಲೆ ಕೂತ.

"ಏನ್ ಹುಡಕಾಕತ್ತೀರಿ?" ಎಂದು ನಜಮುನ್ನೀಸಾ ಕೇಳಿದಳು.

"ಏನಿಲ್ಲ. ಇವನ್ನ ಭಂಗಾರದ ಗುಜರಿಯವಗ ಕೊಟ್ಟುಬಿಡೂಣು ಅಂತ. ಇಲ್ಲಿ ನಿನಗೇನರ ಇಟ್ಕೊಳ್ಳೂದೈತೇನು?"

ಅವಳು ಅವನನ್ನೂ ಪೆಟ್ಟಿಗೆಯನ್ನೂ ನೋಡಿದಳು. "ಇಷ್ಟು ವರ್ಷ ಆದಮ್ಯಾಲೆ ಈಗ ಕೇಳಿದ್ರ ಏನಂತ ಹೇಳ್ಲಿ? ವಿಚಾರ ಮಾಡ್ಬೇಕು," ಎಂದಳು. "ಮೊದಲ ಏಳ್ರಿ, ಊಟಾ ಮಾಡ್ರಿ."

ಏಳಲು ಆಗಲಿಲ್ಲ. ಅವನು ಕೈ ಚಾಚಿದ. ಅವಳು ಹಿಡಿದು ಎಳೆದಳು.