ಬೆಳ್ಳಯ್ಯನ ಕಂಬಳಿ

ಕಾಡಿನಲ್ಲಿ ವಿಮಾನ ಬಿದ್ದಿದೆ, ಒಬ್ಬರು ಇನ್ನೂ ಉಸಿರಾಡುತ್ತಿದ್ದಾರೆ ಎಂದು ಸೋಲಿಗರ ಬೆಳ್ಳಯ್ಯ ಹನೂರಿನವರೆಗೆ ಓಡಿ ಬಂದು ಹೇಳಿದ್ದ. ಬರುವ ಮುಂಚೆ ತನಗಿದ್ದ ಒಂದೇ ಕಂಬಳಿಯನ್ನು ಆ ಗಾಯಾಳುವಿಗೆ ಹೊದಿಸಿದ್ದ. ಮಾರನೆಯ ಬೆಳಿಗ್ಗೆ ವಿಮಾನ ಕಂಪನಿಯ ಆಫೀಸರು ಜೀಪಿನಲ್ಲಿ ಬಂದು, ಅವನ ಕೈಗೆ ಒಂದು ಡಬ್ಬ ಕೊಟ್ಟ.

“ಹುಷಾರು ಕಣೋ. ಚೆಲ್ಲಿದರೆ ಬಂದ ಕೆಲಸವೇ ಕೆಡುತ್ತೆ.”

ಔಷಧಿಯೇ ಇರಬೇಕೆಂದು ಬೆಳ್ಳಯ್ಯ ಅದನ್ನು ಎಳೆಗೂಸಿನಂತೆ ಎದೆಗವಚಿಕೊಂಡು ಗುಡ್ಡ ಹತ್ತಿದ. ಗಾಯಾಳು ಕಂಬಳಿಯೊಳಗೆ ನಡುಗುತ್ತಿದ್ದ. ಆಫೀಸರು ಅತ್ತ ತಿರುಗಿಯೂ ನೋಡಲಿಲ್ಲ. ವಿಮಾನದ ಮುರಿದ ಬಾಲದ ಹತ್ತಿರ ನೆಟ್ಟಗೆ ಹೋದವನೇ ಡಬ್ಬದ ಮುಚ್ಚಳ ತೆಗೆದು, ಅಲ್ಲಿ ದಪ್ಪಗೆ ಬರೆದಿದ್ದ ಕಂಪನಿಯ ಹೆಸರಿನ ಮೇಲೆ ಬಿಳಿ ಬಣ್ಣ ಬಳಿಯತೊಡಗಿದ ಪುಣ್ಯಾತ್ಮ.

“ಅವ್ರು ಇನ್ನೂ ಬದುಕವ್ರೆ ಸಾ. ಡೋಲಿ ಕಟ್ಲಾ?”

“ತಡಿಯೋ. ಪೇಪರಿನವರು ಹಿಂದೆಯೇ ಬರ್ತಿದ್ದಾರೆ. ಬರೋ ತಿಂಗಳಿಂದ ನಮ್ಮದು ಇನ್ನೂ ನಾಲ್ಕು ವಿಮಾನ ಹಾರ್ಬೇಕು. ಫೋಟೋದಲ್ಲಿ ಈ ಹೆಸರು ಕಂಡ್ರೆ ಯಾವನು ಹತ್ತುತ್ತಾನೆ?”

ಕೊನೆಯ ಎರಡು ಅಕ್ಷರ ಉಳಿದಿರುವಾಗಲೇ ಬಣ್ಣ ಮುಗಿಯಿತು. ಕೆಳಗಿನ ಕಾಲುದಾರಿಯಲ್ಲಿ ಜನರ ಮಾತು ಕೇಳಿಸಿತು. ಆಫೀಸರು ಸುತ್ತಮುತ್ತ ನೋಡಿ, ಮೊದಲ ಸಲ ಗಾಯಾಳುವಿನ ಬಳಿ ಬಂದು ಬಗ್ಗಿದ. ಸದ್ಯ, ಈಗಲಾದರೂ ಕನಿಕರ ಹುಟ್ಟಿತಲ್ಲ ಎಂದು ಬೆಳ್ಳಯ್ಯನಿಗೆ ಹೋದ ಜೀವ ಬಂದಂತಾಯಿತು.

ಆಫೀಸರು ಕಂಬಳಿಯನ್ನು ಸೆಳೆದುಕೊಂಡು ಹೋಗಿ ಆ ಎರಡು ಅಕ್ಷರಗಳಿಗೆ ಹೊದಿಸಿದ. ಗಾಳಿಗೆ ಹಾರದಂತೆ ಅಂಚನ್ನು ಜೋಪಾನವಾಗಿ ಸಿಕ್ಕಿಸಿದ.